15 ಸಾವಿರದಲ್ಲಿ ಮನೆ ಸರ್ವರ್ ಸುಧಾರಿಸಬೇಕು, ಮೊದಲು ಎಲ್ಲಿ ಕೈ ಹಾಕಲಿ?

ತಾಜ್‌ಬಾವಡಿ (ವಿಜಯಪುರ) · ಫೆಬ್ರುವರಿ 8, ರಾತ್ರಿ 10:15

ಎಲ್ಲರಿಗೂ ನಮಸ್ಕಾರ್ರೀ. ಮೂರು ವರ್ಷದಿಂದ ಮನೆಯಲ್ಲಿ ಒಂದು ಸರ್ವರ್ ಓಡಿಸುತ್ತಿದ್ದೇನೆ. ಸರ್ವರ್ ಅಂದರೆ ದೊಡ್ಡ ಮಾತಾಯಿತು. ಪರಿಚಯದವರ ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಡೆಸ್ಕ್‌ಟಾಪ್ ಅದು. ಐ5-2400 ಪ್ರೊಸೆಸರ್, 4 ಜಿಬಿ ಡಿಡಿಆರ್3 ರ್‍ಯಾಮ್, 1 ಟಿಬಿ ಡಿಸ್ಕ್ ಒಂದು, 500 ಜಿಬಿ ಡಿಸ್ಕ್ ಒಂದು. ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಫೋಟೋಗೆ ಇಮ್ಮಿಚ್, ಟಿವಿಗೆ ಜೆಲ್ಲಿಫಿನ್, ಜಾಹೀರಾತು ತಡೆಯಲು ಪೈ-ಹೋಲ್.

1 ಟಿಬಿ ಡಿಸ್ಕ್‌ನಲ್ಲಿ ಮನೆಯವರೆಲ್ಲರ ಫೋಟೋ, ಸುಮಾರು 640 ಜಿಬಿ. 500ರದ್ದರಲ್ಲಿ ಅಪ್ಪನ ಕ್ಯಾಸೆಟ್‌ಗಳು. ಅಪ್ಪ ಭಜನೆ ಮೇಳದಲ್ಲಿ ಹಾಡುತ್ತಿದ್ದರು. ಅವರು ಹೋದ ಮೇಲೆ ಕ್ಯಾಸೆಟ್‌ಗಳನ್ನೆಲ್ಲ ಕೂತು ಕಂಪ್ಯೂಟರಿಗೆ ಇಳಿಸಿದ್ದೆ. ಅದೇ ಸುಮಾರು 70 ಜಿಬಿ.

ಈಗಿನ ಕಾಟಗಳು: 1 ಟಿಬಿ ಡಿಸ್ಕ್ ಸಾಯುತ್ತಿದೆ ಅನ್ನಿಸುತ್ತದೆ, ಲಾಗ್ ತುಂಬಾ ಎರರ್. 500ರದ್ದು ಮಾತ್ರ ಒಂದು ದಿನವೂ ತಕರಾರು ಮಾಡಿಲ್ಲ. ಫೈಲ್ ಕಾಪಿ ಮಾಡಿದರೆ ಎತ್ತಿನ ಗಾಡಿ, ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಮೂರನೆಯದು, ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗೆಲ್ಲ ಸರ್ವರ್ ರೀಸ್ಟಾರ್ಟ್ ಆಗುತ್ತದೆ. ಕೂಡಗಿಯ 2,400 ಮೆಗಾವಾಟ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ಅದಕ್ಕೂ ನಮ್ಮ ಬೀದಿ ಕಂಬಕ್ಕೂ ಸಂಬಂಧ ಇಲ್ಲ ಬಿಡಿ, ಆದರೂ ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ ಇರಬೇಕು.

ನನ್ನ ಪ್ಲಾನ್: ರ್‍ಯಾಮ್ 16 ಜಿಬಿ ಮಾಡುವುದು, ಇದೇ ಬೋರ್ಡಿಗೆ ಹಳೇ ಐ7 ಹುಡುಕಿ ಕೂರಿಸುವುದು, ಇನ್ನೊಂದು 1 ಟಿಬಿ ತಂದು ರೇಡ್ 1 (ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾ) ಮಾಡುವುದು, ಉಳಿದ ದುಡ್ಡಿಗೆ ಸಣ್ಣ ಗ್ರಾಫಿಕ್ಸ್ ಕಾರ್ಡ್. ಒಟ್ಟು 15,000 ರೂಪಾಯಿ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಸರಿನಾ?

ಕುಂದಾ_ಕರ್ನೆಲ್ (ಬೆಳಗಾವಿ) · ರಾತ್ರಿ 10:52

ನಿಮ್ಮ ಪಟ್ಟಿಯಲ್ಲಿರುವ ನಾಲ್ಕರಲ್ಲಿ ಯಾವುದನ್ನೂ ಈಗಲೇ ಕೊಳ್ಳಬೇಡಿ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ನಾನೂ ಇದೇ ತಪ್ಪು ಮಾಡಿ ದುಡ್ಡು ಕಳೆದವನು. ಮೊದಲು ಮೂರು ಅಳತೆ ಹೇಳಿ.

ಎರಡೂ ಡಿಸ್ಕ್‌ಗಳ ಸ್ಮಾರ್ಟ್ ಅಂಕಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ. ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 5, 9, 197, 198, 199 ನಂಬರಿನ ಸಾಲುಗಳ ಕೊನೆಯ ಅಂಕಿ ಸಾಕು.

ನೆಟ್‌ವರ್ಕ್ ಲಿಂಕ್ ಸ್ಪೀಡ್. ಈಥ್‌ಟೂಲ್ ಕಮಾಂಡ್ ಹೇಳುತ್ತದೆ. 100 ಅಂತಿದೆಯೋ 1000 ಅಂತಿದೆಯೋ ನೋಡಿ. 11 ಎಂಬಿ ಅಂದ ತಕ್ಷಣ ನನಗೆ ಅನುಮಾನ ಬಂತು. 100 ಮೆಗಾಬಿಟ್‌ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ. ನಡುವಿನ ದಲ್ಲಾಳಿ ಖರ್ಚು ಕಳೆದರೆ ಕೈಗೆ ಬರುವುದು 11 ಚಿಲ್ಲರೆ. ಐ7 ಹಾಕಿದರೂ ಆ 11 ಹಾಗೇ ಇರುತ್ತದೆ.

ಕೊನೆಗೆ, ಪೆಟ್ಟಿಗೆ ಎಷ್ಟು ವ್ಯಾಟ್ ತಿನ್ನುತ್ತದೆ?

ತಾಜ್‌ಬಾವಡಿ · ರಾತ್ರಿ 11:04

ವ್ಯಾಟ್ ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ ಸರ್. ಅದಕ್ಕೂ ದುಡ್ಡು ಹಾಕಬೇಕಾ?

ಕರದಂಟು_ಎಕ್ಸ್86 (ಅಮೀನಗಡ) · ರಾತ್ರಿ 11:20

ಬೇಡ. ಮನೆ ಮುಂದೆ ಕರೆಂಟ್ ಮೀಟರ್ ಇದೆಯಲ್ಲ, ಅದರಲ್ಲಿ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತಾರೆ, 3200 ಅಂತಲೋ 1600 ಅಂತಲೋ. ಮನೆಯಲ್ಲಿ ಎಲ್ಲಾ ಆಫ್ ಮಾಡಿ, ಫ್ರಿಜ್ ಪ್ಲಗ್ಗೂ ಕೀಳಿ. ಸರ್ವರ್ ಮಾತ್ರ ಇರಲಿ. ಇನ್ವರ್ಟರ್‌ನ್ನೂ ಬೈಪಾಸ್ ಮಾಡಿ, ಇಲ್ಲಾಂದರೆ ಬ್ಯಾಟರಿ ಚಾರ್ಜಿಂಗ್ ಸೇರಿ ಲೆಕ್ಕ ಹಾಳಾಗುತ್ತದೆ. ಹತ್ತು ನಿಮಿಷ ಕೂತು ಎಣಿಸಿ. ಮನೆಯವರು ಹುಚ್ಚ ಅಂದರೆ ಅನ್ನಲಿ.

ಹೊಸಬ (ಇಂಡಿ) · ಫೆಬ್ರುವರಿ 9, ಬೆಳಗ್ಗೆ 7:30

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಬರೀ ಹಳೇ ಲ್ಯಾಪ್‌ಟಾಪ್ ಇದೆ. ಅದನ್ನೇ ಸರ್ವರ್ ಮಾಡಬಹುದಾ?

ಕುಂದಾ_ಕರ್ನೆಲ್ · ಬೆಳಗ್ಗೆ 7:41

ಧಾರಾಳವಾಗಿ. ಲ್ಯಾಪ್‌ಟಾಪ್ ಕರೆಂಟ್ ಕಡಿಮೆ ತಿನ್ನುತ್ತದೆ, ಒಳಗೇ ಬ್ಯಾಟರಿ ಇರುವುದರಿಂದ ಯುಪಿಎಸ್ಸೂ ಬೇಡ. ಆದರೆ ಹಳೇ ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ತೆಗೆದು ಓಡಿಸಿ. ವರ್ಷಗಟ್ಟಲೆ ಪ್ಲಗ್‌ನಲ್ಲೇ ಇದ್ದ ಬ್ಯಾಟರಿ ಜೊತೆ ಆಟ ಬೇಡ.

ಅಥಣಿ_ಟು_ಬೆಂಗಳೂರು · ಬೆಳಗ್ಗೆ 9:10

ಇಷ್ಟೆಲ್ಲಾ ಯಾಕೆ? ಎನ್100 ಚಿಪ್ಪಿನ ಹೊಸ ಮಿನಿ ಪಿಸಿ ತಗೊಳ್ಳಿ. 2023ರಲ್ಲಿ ಬಂದ ಚಿಪ್. ನಾಲ್ಕು ಕೋರ್, 6 ವ್ಯಾಟ್ ರೇಟಿಂಗ್. ಎಚ್‌ಇವಿಸಿ ಮಾತ್ರ ಅಲ್ಲ, ಎವಿ1 ಅನ್ನೋ ಇನ್ನೊಂದು ಬಗೆಯ ವಿಡಿಯೋನೂ ಓದುತ್ತದೆ. ಸದ್ದೇ ಇಲ್ಲ.

ಕರದಂಟು_ಎಕ್ಸ್86 · ಬೆಳಗ್ಗೆ 9:34

ಚಿಪ್ ಚಲೋನೇ. ಆದರೆ ಇವರಿಗೆ ಡಿಸ್ಕ್ ಬೇಕು, ಬ್ಯಾಕಪ್ ಬೇಕು. ಮಿನಿ ಪಿಸಿಯಲ್ಲಿ 3.5 ಇಂಚಿನ ಡಿಸ್ಕ್ ಹಿಡಿಸುವುದೇ ಇಲ್ಲ, ಯುಎಸ್‌ಬಿಯಲ್ಲಿ ನೇತು ಹಾಕಬೇಕು. ಬೆಕ್ಕು ವೈರ್ ಎಳೆದರೆ ಫೈಲ್‌ಸಿಸ್ಟಮ್ ಹೋಯಿತು. ಹೊಸ ಪೆಟ್ಟಿಗೆಯೇ ಬಜೆಟ್ ಪೂರ್ತಿ ನುಂಗಿದರೆ ಡಿಸ್ಕ್‌ಗೆ ಎಲ್ಲಿಂದ ತರುತ್ತಾರೆ?

ತಾಜ್‌ಬಾವಡಿ · ಫೆಬ್ರುವರಿ 10, ರಾತ್ರಿ 9:05

ಅಳತೆ ತಂದೆ.

ಮೀಟರ್ ಮೇಲೆ 3200 ಅಂತ ಬರೆದಿದೆ. ಸ್ಟೂಲ್ ಹಾಕಿಕೊಂಡು ಹತ್ತು ನಿಮಿಷ ಎಣಿಸಿದೆ. ಓಣಿಯವರೊಬ್ಬರು ಬಂದು "ಬಿಲ್ ಜಾಸ್ತಿ ಬಂತೇನ್ರೀ?" ಅಂದರು, ಎಣಿಕೆ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದೆ. 31 ಸಲ ಮಿಣುಕಿತು. ಗಂಟೆಗೆ 186. ಅದನ್ನು 3200ರಿಂದ ಭಾಗಿಸಿದರೆ 0.058. ಅಂದರೆ 58 ವ್ಯಾಟ್. ಅದೂ ಸುಮ್ನೆ ಕೂತಾಗ!

ಲಿಂಕ್ ಸ್ಪೀಡ್ 100. ಬೋರ್ಡೂ ಗಿಗಾಬಿಟ್, ರೌಟರ್ ಪೋರ್ಟೂ ಗಿಗಾಬಿಟ್. ಆದರೂ 100.

1 ಟಿಬಿ ಡಿಸ್ಕ್: 5ನೇ ಸಾಲು 0, 197 ಸೊನ್ನೆ, 198 ಸೊನ್ನೆ, 199ರಲ್ಲಿ 1,146. ಓಡಿದ ಗಂಟೆ 31,200.

500 ಜಿಬಿ ಡಿಸ್ಕ್: 5ರಲ್ಲಿ 24, 197ರಲ್ಲಿ 8, 198ರಲ್ಲಿ 8, 199 ಸೊನ್ನೆ. ಗಂಟೆ 52,000 ಚಿಲ್ಲರೆ.

ಕುಂದಾ_ಕರ್ನೆಲ್ · ರಾತ್ರಿ 9:22

ನೀವು ಅನುಮಾನ ಪಟ್ಟ ಡಿಸ್ಕ್ ಗಟ್ಟಿಯಾಗಿದೆ. ನಂಬಿದ ಡಿಸ್ಕ್ ಸಾಯುತ್ತಿದೆ.

199 ಅಂದರೆ ಡಿಸ್ಕ್‌ಗೂ ಬೋರ್ಡಿಗೂ ನಡುವೆ ಹೋಗುವಾಗ ಡೇಟಾ ಕೆಟ್ಟ ಲೆಕ್ಕ. ಹತ್ತರಲ್ಲಿ ಒಂಬತ್ತು ಸಲ ಅದು ಸಾಟಾ ಕೇಬಲ್ ತಪ್ಪು. 80-100 ರೂಪಾಯಿಯ ಕೇಬಲ್ ಬದಲಿಸಿ. ಆ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. 1,146ರಲ್ಲೇ ನಿಂತರೆ ರೋಗ ವಾಸಿ ಅಂತ ಅರ್ಥ.

500ರದ್ದು ಬೇರೆ ಕಥೆ. 5ನೇ ಸಾಲಿನ 24 ಅಂದರೆ ಅಷ್ಟು ಸೆಕ್ಟರ್ ಆಗಲೇ ಕೆಟ್ಟು ಬದಲಿ ಜಾಗಕ್ಕೆ ಹೋಗಿವೆ. 197ರ 8 ಅಂದರೆ ಇನ್ನೂ ಎಂಟು ಸೆಕ್ಟರ್ ಓದಲು ಬರುತ್ತಿಲ್ಲ. ಅದು ತಕರಾರು ಮಾಡಿಲ್ಲ ಅಂದಿರಿ. ಮಾಡಿಲ್ಲ, ಯಾಕಂದರೆ ಕ್ಯಾಸೆಟ್ ಫೈಲ್‌ಗಳನ್ನು ನೀವು ದಿನಾ ತೆರೆಯುವುದಿಲ್ಲ ಅಲ್ವಾ?

ಈಗಲೇ ಆ ಡಿಸ್ಕ್‌ಗೆ ಬರೆಯುವುದು ನಿಲ್ಲಿಸಿ. ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಬೇಡಿ. ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಬಳಸಿ ಇಡೀ ಪಾರ್ಟಿಷನ್ ಬೇರೆ ಡಿಸ್ಕ್‌ಗೆ ಇಳಿಸಿಕೊಳ್ಳಿ. ಎಲ್ಲಿವರೆಗೆ ಬಂತು ಅಂತ ಬರೆದಿಡುವ ಮ್ಯಾಪ್‌ಫೈಲ್ ಕೊಡುವುದು ಮರೀಬೇಡಿ. ಅದಿದ್ದರೆ ನಡುವೆ ಕರೆಂಟ್ ಹೋದರೂ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ಮೊದಲು ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಸಾಮಾನ್ಯ ಕಾಪಿಗಿಂತ ಇದು ಒಳ್ಳೇದು.

ತಾಜ್‌ಬಾವಡಿ · ರಾತ್ರಿ 9:30

ಕೈ ನಡುಗುತ್ತಿದೆ. ಗೆಳೆಯನ 1 ಟಿಬಿ ಪೋರ್ಟಬಲ್ ಡಿಸ್ಕ್ ತರಲು ಹೊರಟೆ.

ಬ್ಯಾಟರಿ_ನೀರು (ಜಮಖಂಡಿ) · ಫೆಬ್ರುವರಿ 11, ಮಧ್ಯಾಹ್ನ 2:15

ನಾನು ಇನ್ವರ್ಟರ್ ರಿಪೇರಿ ಮಾಡುವವನು. ಸರ್ವರ್ ಗಿರ್ವರ್ ಗೊತ್ತಿಲ್ಲ. ರೀಸ್ಟಾರ್ಟ್ ಆಗುವ ವಿಷಯಕ್ಕೆ ಮಾತ್ರ ಹೇಳುತ್ತೇನೆ.

ನಿಮ್ಮ ಇನ್ವರ್ಟರ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಕೆಲವದರಲ್ಲಿ ಹಿಂದೆ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಎಕೋ ಅಥವಾ ನಾರ್ಮಲ್ ಅಂತ. ಹತ್ತರಲ್ಲಿ ಎಂಟು ಮನೆಯಲ್ಲಿ ಅದು ಎಕೋದಲ್ಲೇ ಇರುತ್ತದೆ. ಫ್ಯಾನಿಗೆ ಲೈಟಿಗೆ ಅದು ಸಾಕು. ಆದರೆ ಎಕೋದಲ್ಲಿ ಮೇನ್‌ನಿಂದ ಬ್ಯಾಟರಿಗೆ ಬದಲಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ, ಅದೇ ಎಸ್‌ಎಂಪಿಎಸ್, ಕರೆಂಟ್ ಇಲ್ಲದೆ 16-17 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಅನ್ನುವುದು ಲೆಕ್ಕ. ನಿಮ್ಮದು ಹತ್ತು ವರ್ಷದ ಮಾಲು, ಒಳಗಿನ ಕೆಪಾಸಿಟರ್ ಒಣಗಿರುತ್ತವೆ. ಅಷ್ಟೂ ತಡೆಯಲ್ಲ. ಸ್ವಿಚ್ ಯುಪಿಎಸ್ ಕಡೆ ತಿರುಗಿಸಿ ನೋಡಿ. ಖರ್ಚು ಸೊನ್ನೆ.

ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ 180ರ ಹತ್ತಿರ ಇಳಿದರೂ ಬ್ಯಾಟರಿಗೆ ಹೋಗುತ್ತದೆ. ಲೋ ವೋಲ್ಟೇಜ್ ಇರುವ ಕಡೆ ಬ್ಯಾಟರಿ ಬೇಗ ಇಳಿಯುತ್ತದೆ, ಅದೊಂದು ತಿಳಿದಿರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಕೆಲವು ಹೊಸ ಎಸ್‌ಎಂಪಿಎಸ್ ಮುನಿಸಿಕೊಳ್ಳುತ್ತವೆ. ಸೈನ್ ವೇವ್ ಇದ್ದರೆ ಚಿಂತೆ ಇಲ್ಲ.

ಇನ್ನೊಂದು. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಮಲ್ಟಿಮೀಟರ್ ಹಿಡಿಸಿ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಸುಮ್ನೆ ಕೈ ಹಾಕಬೇಡಿ. ಎರಡು-ಮೂರು ವೋಲ್ಟ್ ಒಳಗೆ ಇರಬೇಕು. ನಮ್ಮ ಕಪ್ಪು ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಸತ್ತೇ ಹೋಗಿರುತ್ತದೆ. ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಹೊಸಬ · ಮಧ್ಯಾಹ್ನ 2:40

ಇಂಡಿಯಲ್ಲಿ ನಿಂಬೆ ಗಿಡಕ್ಕೇ ನೀರಿಲ್ಲ, ಅರ್ಥಿಂಗ್‌ಗೆ ಎಲ್ಲಿಂದ ತರೋಣ 😄

ಬ್ಯಾಟರಿ_ನೀರು · ಮಧ್ಯಾಹ್ನ 2:43

ಪಾತ್ರೆ ತೊಳೆದ ನೀರೇ ಹಾಕಿ. ಅರ್ಥಿಂಗ್‌ಗೆ ಮಡಿ ಮೈಲಿಗೆ ಇಲ್ಲ.

ತಾಜ್‌ಬಾವಡಿ · ಫೆಬ್ರುವರಿ 15, ಸಂಜೆ 6:20

ಎರಡು ಸುದ್ದಿ.

ಮೊದಲು ನೆಟ್‌ವರ್ಕ್. ರೌಟರ್ ಕೆಳಗೆ, ಸರ್ವರ್ ಮಾಳಿಗೆ ಮೇಲಿನ ಕೋಣೆಯಲ್ಲಿ. ನಡುವೆ 20 ಮೀಟರ್ ಕೇಬಲ್, ಹೊರಗೋಡೆ ಮೇಲಿಂದ ಹೋಗಿದೆ. ಇವತ್ತು ಏಣಿ ಹಾಕಿ ಉದ್ದಕ್ಕೂ ಕೈಯಾಡಿಸುತ್ತಾ ಹೋದೆ. ಪ್ಯಾರಾಪೆಟ್ ಹತ್ತಿರ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಅಳಿಲು ಹಲ್ಲಿನಿಂದ ಕೆರೆದು ಹಾಕಿದೆ. ಮೇಲಿನ ಬೂದು ಕವಚ ಎರಡು ಇಂಚು ಮಾಯ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ ಸರಿಯಾಗಿವೆ. ಕಂದು ಜೋಡಿಯಲ್ಲಿ ಒಂದು ತಂತಿ ತುಂಡಾಗಿದೆ. 100ರ ಸ್ಪೀಡಿಗೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು ಅಂತ ಆಮೇಲೆ ಓದಿದೆ. ಆ ಅಳಿಲು ನನ್ನ ಕೈಯಿಂದ ಐ7 ಕೊಳ್ಳಿಸುತ್ತಿತ್ತು!

ಅದೃಷ್ಟಕ್ಕೆ ಕೇಬಲ್ ಸ್ವಲ್ಪ ಉದ್ದ ಬಿಟ್ಟಿದ್ದರು. ಕೆಟ್ಟ ಜಾಗದಲ್ಲಿ ಕತ್ತರಿಸಿ, ದಾರಿ ಬದಲಿಸಿ, ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಮೂರು ಕನೆಕ್ಟರ್ ಹಾಳು ಮಾಡಿದ ಮೇಲೆ ನಾಲ್ಕನೆಯದು ಕೂತಿತು. ಈಗ 1000. ಕಾಪಿ 100 ಎಂಬಿ ದಾಟುತ್ತಿದೆ. ಇದೇ ಹಳೇ ಪೆಟ್ಟಿಗೆ, ಇದೇ 4 ಜಿಬಿ!

ಇನ್ವರ್ಟರ್ ಸ್ವಿಚ್ ಎಕೋದಲ್ಲೇ ಇತ್ತು. ತಿರುಗಿಸಿದೆ. ಆಮೇಲೆ ಐದು ಸಲ ಕರೆಂಟ್ ಹೋಗಿದೆ, ಒಂದೇ ಸಲ ರೀಸ್ಟಾರ್ಟ್ ಆಯಿತು. ಅರ್ಥಿಂಗ್ 18 ವೋಲ್ಟ್ ತೋರಿಸಿತ್ತು. ನೀರು ಹಾಕಿ ಎರಡು ದಿನಕ್ಕೆ 4ಕ್ಕೆ ಬಂದಿದೆ.

ಎರಡನೇ ಸುದ್ದಿ ಅಷ್ಟು ಒಳ್ಳೇದಲ್ಲ. ಡಿಡಿರೆಸ್ಕ್ಯೂ ಮೂರು ರಾತ್ರಿ ಓಡಿತು. ಮೊದಲ ರಾತ್ರಿಯಲ್ಲೇ 99 ಭಾಗಕ್ಕಿಂತ ಜಾಸ್ತಿ ಬಂತು. ಉಳಿದ ಚೂರಿಗೆ ಎರಡು ರಾತ್ರಿ ಕಿರ್ ಕಿರ್ ಅನ್ನುತ್ತಾ ಕೂತಿತ್ತು. ಕೊನೆಗೆ ಒಂದೇ ಒಂದು ಫೈಲ್ ಪೂರ್ತಿ ಬರಲಿಲ್ಲ. ಹೆಸರು "ಶ್ರಾವಣ 3 ಬಿ". ಕ್ಯಾಸೆಟ್‌ನ ಎರಡನೇ ಬದಿ.

ನವನಗರ_ನೋಡ್ (ಬಾಗಲಕೋಟೆ) · ಸಂಜೆ 7:02

ಇಷ್ಟು ದಿನ ಬರೀ ಓದುತ್ತಿದ್ದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯಿಂದ ಎದ್ದು ನವನಗರಕ್ಕೆ ಬಂದವರು ನಾವು. ಸಾಮಾನು ಸಾಗಿಸುವಾಗ ನಮ್ಮ ಮನೆಯ ಫೋಟೋ ಇದ್ದ ಒಂದು ಟ್ರಂಕು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯ ಮುಖ ನನ್ನ ಮಕ್ಕಳು ನೋಡಿಲ್ಲ. ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ಟರೆ ಅದು ಒಂದೇ ಟ್ರಂಕು. ಅದಕ್ಕೇ ನಿಮ್ಮ ರೇಡ್ 1 ಪ್ಲಾನ್ ನೋಡಿ ಬರೆಯೋಣ ಅನ್ನಿಸಿತು.

ಕುಂದಾ_ಕರ್ನೆಲ್ · ಸಂಜೆ 7:15

ನನಗಿಂತ ಚೆನ್ನಾಗಿ ಹೇಳಿದಿರಿ.

ರೇಡ್ 1 ಮಾಡುವ ಕೆಲಸ ಒಂದೇ. ಒಂದು ಡಿಸ್ಕ್ ಸತ್ತಾಗ ಸರ್ವರ್ ನಿಲ್ಲದಂತೆ ನೋಡುವುದು. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮನೆಯ ಫೋಟೋ ಸರ್ವರ್ ಎರಡು ದಿನ ನಿಂತರೆ ಆಕಾಶ ಬೀಳುತ್ತದಾ? ಇಲ್ಲ. ಹಾಗಾದರೆ ಆ ಎರಡನೇ ಡಿಸ್ಕ್ ಪೆಟ್ಟಿಗೆ ಒಳಗೆ ಬೇಡ, ಬೇರೆ ಊರಲ್ಲಿರಲಿ. ನಿಮ್ಮ ಹಳೇ 1 ಟಿಬಿ ಗಟ್ಟಿಯಾಗಿದೆಯಲ್ಲ, ಅದಕ್ಕೇ ಒಂದು ಯುಎಸ್‌ಬಿ ಡಬ್ಬಿ ತನ್ನಿ. 3.5 ಇಂಚಿಗೆ 12 ವೋಲ್ಟ್ ಅಡಾಪ್ಟರ್ ಜೊತೆಗೆ ಬರುವಂಥದ್ದೇ ಆಗಬೇಕು. ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಹಾಕಿ, ಅದು ಬೀಗ ಹಾಕಿಯೇ ಬರೆಯುತ್ತದೆ. ಡಿಸ್ಕ್ ಯಾರ ಕೈಗೆ ಸಿಕ್ಕರೂ ಓದಲು ಆಗಲ್ಲ. ಪಾಸ್‌ವರ್ಡ್ ಮಾತ್ರ ಕಾಗದದ ಮೇಲೆ ಬರೆದು ಇನ್ನೊಬ್ಬರಿಗೂ ಕೊಟ್ಟಿರಿ. ಮರೆತರೆ ನಿಮಗೂ ಓದಲು ಆಗಲ್ಲ.

ತಾಜ್‌ಬಾವಡಿ · ಸಂಜೆ 7:40

ಅಕ್ಕನ ಮನೆ ಬಾಗಲಕೋಟೆಯಲ್ಲೇ ಇದೆ. ತಿಂಗಳಿಗೊಮ್ಮೆ ಹೋಗಿಯೇ ಹೋಗುತ್ತೇನೆ. ಅಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುವ ಚೀಲದಲ್ಲೇ ಡಿಸ್ಕೂ ಹೋಗಲಿ.

ಕರದಂಟು_ಎಕ್ಸ್86 · ರಾತ್ರಿ 8:30

ಈಗ ದುಡ್ಡಿನ ಮಾತಿಗೆ ಬರೋಣ. 58 ವ್ಯಾಟ್ ಅಂದರೆ ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಸುಮಾರು 42 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 3,000. ಆದರೆ ನಮ್ಮಲ್ಲಿ ಲೆಕ್ಕ ಅಷ್ಟಕ್ಕೇ ಮುಗಿಯಲ್ಲ. ಕಳೆದ ಮೇ ತಿಂಗಳ ಬಿಲ್‌ನಲ್ಲಿ ಎಷ್ಟು ಯೂನಿಟ್ ಇತ್ತು?

ತಾಜ್‌ಬಾವಡಿ · ರಾತ್ರಿ 8:44

ಹುಡುಕಿದೆ. 212. ಕೂಲರ್ ಹಗಲೂ ರಾತ್ರಿ ಓಡಿತ್ತು. ಆ ತಿಂಗಳು ಗೃಹಜ್ಯೋತಿ ಕೈ ತಪ್ಪಿ ಪೂರ್ತಿ ಬಿಲ್ ಕಟ್ಟಿದ್ದೆ, ಮನೆಯಲ್ಲಿ ದೊಡ್ಡ ರಂಪ.

ಕರದಂಟು_ಎಕ್ಸ್86 · ರಾತ್ರಿ 8:51

ಸಿಕ್ಕಿತು ನೋಡಿ. 200 ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೆ. ಆ 212ರಲ್ಲಿ 42 ನಿಮ್ಮ ಸರ್ವರ್‌ದು. ಬೈಸಿಕೊಂಡಿದ್ದು ಕೂಲರ್, ತಿಂದಿದ್ದು ಸರ್ವರ್.

200ರ ಒಳಗಿದ್ದರೂ ಎಲ್ಲ ಪುಕ್ಕಟೆ ಅಲ್ಲ. ಯೋಜನೆ ಶುರುವಾದ 2023ರಲ್ಲಿ, ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆ ಮೇಲೆ 10 ಪರ್ಸೆಂಟ್ ಸೇರಿಸಿ ಮಿತಿ ಕಟ್ಟಿದ್ದಾರೆ. ಅದಕ್ಕಿಂತ ಮೇಲಿನ ಯೂನಿಟ್‌ಗೆ ದುಡ್ಡು ಕೊಡಲೇಬೇಕು. ಆಮೇಲೆ ಬಂದ ಸರ್ವರ್ ಪೂರ್ತಿ ಆ ಮಿತಿಯ ಮೇಲೆಯೇ ಕೂತಿರುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಜಾಸ್ತಿ ಶಕ್ತಿಯ ಪೆಟ್ಟಿಗೆ ಅಲ್ಲ, ಕಡಿಮೆ ತಿನ್ನುವ ಪೆಟ್ಟಿಗೆ. ಐ7, ಗ್ರಾಫಿಕ್ಸ್ ಕಾರ್ಡ್ ಎರಡೂ ಉಲ್ಟಾ ದಾರಿ.

ಅಥಣಿ_ಟು_ಬೆಂಗಳೂರು · ರಾತ್ರಿ 9:20

ಎನ್100 ಬೇಡ ಅಂದಿರಿ, ಒಪ್ಪಿದೆ. ಹಾಗಾದರೆ 7ನೇ ತಲೆಮಾರಿನ ಐ5 ಇರುವ ಸೆಕೆಂಡ್‌ಹ್ಯಾಂಡ್ ಆಫೀಸ್ ಪೆಟ್ಟಿಗೆ ನೋಡಿ. ಡೆಲ್ ಆಪ್ಟಿಪ್ಲೆಕ್ಸ್ 3050ರಂಥದ್ದು. ಅಂಗೈ ಅಗಲದ ಮೈಕ್ರೋ ಅಲ್ಲ, ಅದಕ್ಕಿಂತ ಒಂದು ಸೈಜ್ ದೊಡ್ಡದಾದ ಎಸ್‌ಎಫ್‌ಎಫ್. ಅದರ ಹೊಟ್ಟೆಯಲ್ಲಿ ಒಂದು 3.5 ಇಂಚಿನ ಡಿಸ್ಕ್ ಹಿಡಿಯುತ್ತದೆ, ಜೊತೆಗೆ ಎಂ.2 ಎಸ್‌ಎಸ್‌ಡಿ ಜಾಗ.

ಈಗ ಇವು ಅಗ್ಗ ಯಾಕೆ ಗೊತ್ತಾ? ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಕ್ಕೇ ಒಪ್ಪುವುದು. ಅದಕ್ಕೇ ಆಫೀಸುಗಳು 6, 7ನೇ ತಲೆಮಾರಿನವನ್ನು ರಾಶಿ ರಾಶಿ ಹೊರಗೆ ಹಾಕುತ್ತಿವೆ. ಲಿನಕ್ಸ್‌ಗೆ ಅದೆಲ್ಲ ಲೆಕ್ಕಕ್ಕಿಲ್ಲ.

6 ಬೇಡ, 7 ಯಾಕೆ ಅಂದರೆ, 10 ಬಿಟ್ ಎಚ್‌ಇವಿಸಿ (ಕಡಿಮೆ ಜಾಗಕ್ಕೆ ಒತ್ತಿದ) ವಿಡಿಯೋ ಹಾರ್ಡ್‌ವೇರ್‌ನಲ್ಲೇ ಬಿಚ್ಚುವುದು 7ರಿಂದ. ಈಗಿನ ಫೋನ್‌ಗಳು ಎಚ್‌ಇವಿಸಿಯಲ್ಲೇ ತೆಗೆಯುತ್ತವೆ. ನಿಮ್ಮ ಐ5-2400ಕ್ಕೆ ಎಚ್‌ಇವಿಸಿ ಗಂಧವೇ ಇಲ್ಲ, ಎಲ್ಲ ಕೋರ್‌ಗಳ ಮೇಲೆ ಹೊರೆ.

ಕೊಳ್ಳುವಾಗ ಆನ್ ಮಾಡಿ ಬಯಾಸ್ (ಬೋರ್ಡಿನ ಸೆಟ್ಟಿಂಗ್) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಗ್ಗವಾದರೂ. ಇವುಗಳ ಎಸ್‌ಎಂಪಿಎಸ್ ಅಳತೆ, ಕನೆಕ್ಟರ್ ಎಲ್ಲ ಕಂಪನಿಯದ್ದೇ ಬೇರೆ, ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಕೂರಲ್ಲ. ಅರ್ಧ ಗಂಟೆ ಓಡಿಸಿ ಬಿಸಿ, ಸದ್ದು ನೋಡಿ ದುಡ್ಡು ಕೊಡಿ.

ಕುಂದಾ_ಕರ್ನೆಲ್ · ರಾತ್ರಿ 9:41

ಒಪ್ಪಿದೆ. ರ್‍ಯಾಮ್ 8 ಜಿಬಿ ಸಾಕು ಇವರಿಗೆ. 16ರ ಆಸೆ ಬಿಡಿ. ಈಗ ರ್‍ಯಾಮ್ ಬೆಲೆ ಏರಿ ಕೂತಿದೆ. ಇಮ್ಮಿಚ್‌ನಲ್ಲಿ ಮುಖ ಗುರುತಿಸುವ ಕೆಲಸವನ್ನು ರಾತ್ರಿಗೆ ಹಾಕಿ. ಒಂದು ವಾರ ತಗೊಂಡರೆ ತಗೊಳ್ಳಲಿ, ಯಾರೂ ಕಾಯುತ್ತಿಲ್ಲ.

ಡಿಸ್ಕ್ ಕೊಳ್ಳುವಾಗ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಜಾತಿ. ಎಸ್‌ಎಂಆರ್‌ನಲ್ಲಿ ಪಟ್ಟಿಗಳು ಹಂಚಿನ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಏರಿ ಕೂತಿರುತ್ತವೆ. ನಡುವಿನ ಹೆಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕು. ಅದಕ್ಕೇ ಬರೆಯುವುದು ನಿಧಾನ. ರೇಡ್‌ಗೆ ಅದು ಬೇಡವೇ ಬೇಡ. ಆದರೆ ಒಂದೇ ಡಿಸ್ಕ್‌ನಲ್ಲಿ ಫೋಟೋ ಒಮ್ಮೆ ಬರೆದು ಇಡುವುದಕ್ಕೆ ಎಸ್‌ಎಂಆರ್ ಇದ್ದರೂ ನಡೆಯುತ್ತದೆ. ಅಂಗಡಿಯವರು ಹೇಳುವುದನ್ನು ನಂಬದೆ ಮಾಡೆಲ್ ನಂಬರ್ ಹಿಡಿದು ತಯಾರಕರ ಪಟ್ಟಿ ನೋಡಿ.

ತಾಜ್‌ಬಾವಡಿ · ಮಾರ್ಚ್ 14, ರಾತ್ರಿ 10:30

ತಂದಾಯಿತು. ಸೊಲ್ಲಾಪುರಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದೆ, ಅಲ್ಲೇ ಸಿಕ್ಕಿತು. ಮೊದಲು ನೋಡಿದ ಪೆಟ್ಟಿಗೆ ಬಯಾಸ್ ಪಾಸ್‌ವರ್ಡ್ ಕೇಳಿತು. ಅಂಗಡಿಯವರು "ಅದೇನು ದೊಡ್ಡದಲ್ಲ, ಆಮೇಲೆ ತೆಗೆಸಿಕೊಡ್ತೀವಿ" ಅಂದರು. ನಾನು "ತೆಗೆಸಿಯೇ ಕೊಡಿ" ಅಂದೆ. ಇನ್ನೊಂದು ಪೆಟ್ಟಿಗೆ ಹೊರಗೆ ಬಂತು.

ಐ5-7500, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ: 8,800. ಹೊಸ 2 ಟಿಬಿ ಡಿಸ್ಕ್ 5,600. ಯುಎಸ್‌ಬಿ ಡಬ್ಬಿ 900. ಸಾಟಾ ಕೇಬಲ್ 80, ಕನೆಕ್ಟರ್ 60, ಬಯಾಸ್ ಸೆಲ್ 40. ಒಟ್ಟು 15,480. ಹಳೇ ಪೆಟ್ಟಿಗೆ ಡಿಸ್ಕ್ ಇಲ್ಲದೆ 1,200ಕ್ಕೆ ಹೋಯಿತು. ಲೆಕ್ಕ 14,280ಕ್ಕೆ ನಿಂತಿತು.

ಮತ್ತೆ ಸ್ಟೂಲ್ ಹಾಕಿಕೊಂಡು ಮೀಟರ್ ಮುಂದೆ ಕೂತೆ. ಹತ್ತು ನಿಮಿಷಕ್ಕೆ 10 ಮಿಣುಕು. 19 ವ್ಯಾಟ್. ತಿಂಗಳಿಗೆ 14 ಯೂನಿಟ್ ಕೂಡ ಆಗಲ್ಲ. ಹಳೇ ಡಿಸ್ಕ್‌ನ 199 ಅಂಕಿ ಕೇಬಲ್ ಬದಲಿಸಿದ ಮೇಲೆ 1,146ರಲ್ಲೇ ಗಟ್ಟಿಯಾಗಿ ನಿಂತಿದೆ. ಮೊದಲ ಬ್ಯಾಕಪ್ ಬಾಗಲಕೋಟೆಗೆ ಹೋಯಿತು. ಅಕ್ಕ ಡಬ್ಬಿ ತೆಗೆದು "ಇದರಲ್ಲಿ ಏನೈತಿ, ಚಕ್ಕುಲಿನಾ?" ಅಂದಳು.

ಹೊಸಬ · ರಾತ್ರಿ 10:48

ಹೊರಗಿನಿಂದ ಫೋನ್‌ನಲ್ಲಿ ನೋಡುವುದು ಹೇಗೆ? ನಾನು ರೌಟರ್‌ನಲ್ಲಿ ಪೋರ್ಟ್ ತೆರೆದೆ, ಏನೂ ಬರುತ್ತಿಲ್ಲ.

ಅಥಣಿ_ಟು_ಬೆಂಗಳೂರು · ರಾತ್ರಿ 10:55

ತೆರೆದದ್ದನ್ನು ಮೊದಲು ಮುಚ್ಚಿ. ಇಂಟರ್ನೆಟ್ ಕಂಪನಿಯವರು ಒಂದೇ ಐಪಿ ವಿಳಾಸವನ್ನು ನೂರಾರು ಮನೆಗೆ ಹಂಚಿರುತ್ತಾರೆ, ಪೋರ್ಟ್ ತೆರೆದರೂ ದಾರಿ ಸಿಗಲ್ಲ. ಫೋನ್, ಸರ್ವರ್ ಎರಡನ್ನೂ ಖಾಸಗಿ ದಾರಿಯಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ. ಫೋನ್‌ಗೊಂದು, ಸರ್ವರ್‌ಗೊಂದು, ಮುಗೀತು.

ನವನಗರ_ನೋಡ್ · ಏಪ್ರಿಲ್ 20, ಮಧ್ಯಾಹ್ನ 3:10

ಬಿಸಿಲು ಶುರುವಾಯಿತು. ಮಾಳಿಗೆ ಕೋಣೆಯಲ್ಲೇ ಇಟ್ಟಿದ್ದೀರಾ ಇನ್ನೂ? ಡಿಸ್ಕ್ ಎಷ್ಟು ಡಿಗ್ರಿ?

ತಾಜ್‌ಬಾವಡಿ · ಮಧ್ಯಾಹ್ನ 3:35

ನೀವು ಕೇಳಿದ್ದು ಒಳ್ಳೇದಾಯಿತು. ನೋಡಿದರೆ 54. ಡಿಸ್ಕ್ ಲೇಬಲ್ ಪ್ರಕಾರ 60ರವರೆಗೆ ತಡೆಯುತ್ತದಂತೆ, ಆದರೆ ಮೇ ಇನ್ನೂ ಬಂದಿಲ್ಲ. ಸಂಜೆಯೇ ಕೆಳಗೆ ಇಳಿಸುತ್ತೇನೆ.

ತಾಜ್‌ಬಾವಡಿ · ಏಪ್ರಿಲ್ 21, ಬೆಳಗ್ಗೆ 8:00

ಕೆಳಗಿನ ನಡುಮನೆ ಹಳೇ ಕಲ್ಲಿನ ಗೋಡೆ, ದಪ್ಪ. ಜೋಳದ ಚೀಲದ ಪಕ್ಕ ಜಾಗ ಇತ್ತು. ಅಲ್ಲಿ ಧೂಳು ಅಂತ ಅಮ್ಮನೇ ಬೇಡ ಅಂದಳು. ಕಡೆಗೆ ಗೂಡಿನಲ್ಲಿ ಕೂರಿಸಿದೆ, ನೆಲದಿಂದ ಎರಡು ಅಡಿ ಮೇಲೆ, ಹಿಂದೆ ಒಂದು ಗೇಣು ಗಾಳಿಗೆ ಬಿಟ್ಟು. 43 ಡಿಗ್ರಿ. ರೌಟರ್ ಪಕ್ಕದಲ್ಲೇ ಇರುವುದರಿಂದ ಆ 20 ಮೀಟರ್ ಕೇಬಲ್ಲೇ ಬೇಡವಾಯಿತು. ನಾಲ್ಕು ಕನೆಕ್ಟರ್, ಒಂದು ಏಣಿ, ಒಂದು ಭಾನುವಾರ ದಂಡ.

ಬ್ಯಾಟರಿ_ನೀರು · ಬೆಳಗ್ಗೆ 8:20

ಧೂಳು ಹೊಡೆಸಲು ಪಂಕ್ಚರ್ ಅಂಗಡಿ ಕಂಪ್ರೆಸರ್‌ಗೆ ಒಯ್ಯಬೇಡಿ. ಆ ಗಾಳಿಯಲ್ಲಿ ನೀರು ಬರುತ್ತದೆ. ಬ್ರಷ್ ಸಾಕು. ಬ್ಲೋವರ್ ಬಳಸಿದರೆ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಗರಗರ ತಿರುಗಿ ಬೇರಿಂಗ್ ಹೋಗುತ್ತದೆ.

ತಾಜ್‌ಬಾವಡಿ · ಜೂನ್ 6, ರಾತ್ರಿ 9:15

ಮೇ ಬಿಲ್ ಬಂತು. ಕೂಲರ್ ಹೋದ ವರ್ಷದಷ್ಟೇ ಓಡಿದೆ. 187 ಯೂನಿಟ್. ಮಿತಿಯ ಮೇಲಿನ ಒಂದಿಷ್ಟಕ್ಕೆ ಮಾತ್ರ ದುಡ್ಡು. ಈ ಸಲ ಮನೆಯಲ್ಲಿ ಯಾರೂ ಮಾತೆತ್ತಿಲ್ಲ.

ಇನ್ನೊಂದು ವಿಷಯ. "ಶ್ರಾವಣ 3"ರ ಕ್ಯಾಸೆಟ್ ಸಿಕ್ಕಿದೆ. ಅಮ್ಮನ ಟ್ರಂಕಿನಲ್ಲಿ, ಮಡಿ ಸೀರೆ ಕೆಳಗೆ ಇತ್ತು. ಟೇಪಿಗೆ ಬೂಸ್ಟು ಹಿಡಿದಿಲ್ಲ. ಆದರೆ ನನ್ನ ಟೇಪ್ ರೆಕಾರ್ಡರ್ ಬೆಲ್ಟ್ ಕರಗಿ ಡಾಂಬರಿನ ಹಾಗಾಗಿದೆ. ಹಾಕಿದರೆ ದನಿ ದಪ್ಪಗಾಗಿ ಎಳೆಯುತ್ತದೆ, ಅಪ್ಪನ ದನಿ ಹಾಗಿರಲಿಲ್ಲ. ಯಾರ ಹತ್ತಿರವಾದರೂ ಸರಿಯಾಗಿ ಓಡುವ ಡೆಕ್ ಇದೆಯಾ?

ಕರದಂಟು_ಎಕ್ಸ್86 · ರಾತ್ರಿ 9:40

ನನ್ನ ಹತ್ತಿರ ಇದೆ. ಹೋದ ವರ್ಷ ಬೆಲ್ಟ್ ಹೊಸದು ಹಾಕಿಸಿದ್ದೇನೆ. ಬ್ಯಾಕಪ್ ಒಯ್ಯಲು ಬಾಗಲಕೋಟೆಗೆ ಬರುತ್ತೀರಲ್ಲ, ಹಾಗೇ ಅಮೀನಗಡಕ್ಕೆ ಬನ್ನಿ. ಹೆಡ್ ಸ್ಪಿರಿಟ್‌ನಲ್ಲಿ ಒರೆಸಿ ಇಟ್ಟಿರುತ್ತೇನೆ. ಕ್ಯಾಸೆಟ್ ಮಾತ್ರ ಬಿಸಿಲಿಗೆ ಬೈಕ್ ಡಿಕ್ಕಿಯಲ್ಲಿ ಇಡಬೇಡಿ.

ತಾಜ್‌ಬಾವಡಿ · ರಾತ್ರಿ 9:42

ರೊಟ್ಟಿ ಚೀಲದಲ್ಲೇ ತರುತ್ತೇನೆ. ಭಾನುವಾರ ಹತ್ತಕ್ಕೆ ಬಂದರೆ ಆಗುತ್ತದಾ?

ಕರದಂಟು_ಎಕ್ಸ್86 · ರಾತ್ರಿ 9:43

ಬನ್ನಿ.